ಸೊನ್ನೆ ಜನ ಹುಡುಕಿದ ಮಾತು

"ಹಲೋ, ಓಟದ ಶೂ ಇದೆಯಾ? ಒಂದು ತಗೊಂಡ್ರೆ ಇನ್ನೊಂದು ಉಚಿತಾನಾ?"

ಬೆಳಗಿನಿಂದ ಇದು ಒಂಬತ್ತನೆಯ ಕರೆ. "ಇಲ್ಲಪ್ಪ, ಒಂದು ಕಾಲು ಗಿಡ್ಡ ಇರೋರಿಗೆ, ಪಾದ ಸೊಟ್ಟ ಇರೋರಿಗೆ ಅಳತೆ ತಗೊಂಡು ಹೊಲಿಯೋಳು ನಾನು" ಎಂದು ಅಳತೆಯಕ್ಕ ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟಾಗಿತ್ತು. ಅವಳು ಎದುರಿಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ ತಂಗಿಯ ಮಗಳ ಕಡೆ ತಿರುಗಿದಳು. "ನಿನ್ನ ಕೀವರ್ಡು ಭರ್ಜರಿಯಾಗಿ ಕೆಲಸ ಮಾಡ್ತಿದೆ ಕಣೇ. ಊರಲ್ಲಿ ನೆಟ್ಟಗೆ ನಡೆಯೋರೆಲ್ಲ ಹುಡುಕಿಕೊಂಡು ನನಗೇ ಫೋನ್ ಮಾಡ್ತಿದಾರೆ."

ಹುಡುಗಿಯ ಮುಖ ಸಣ್ಣದಾಯಿತು. ಜನ ಸರ್ಚ್‌ನಲ್ಲಿ ಯಾವ ಪದ ಒತ್ತುತ್ತಾರೆ ಎಂದು ಲೆಕ್ಕ ಹಾಕಿ ದೊಡ್ಡ ದೊಡ್ಡ ಅಂಗಡಿಗಳಿಗೆ ಆರಿಸಿಕೊಡುವುದೇ ಅವಳ ಉದ್ಯೋಗ. ದೊಡ್ಡಮ್ಮನ ಅಂಗಡಿಗೂ ಹಾಗೇ ಆರಿಸಿದ್ದಳು: 'ಉತ್ತಮ ಶೂ', 'ಆರಾಮದ ಪಾದರಕ್ಷೆ'. "ತಿಂಗಳಿಗೆ ನಲವತ್ತು ಸಾವಿರ ಜನ ಹುಡುಕ್ತಾರೆ ದೊಡ್ಡಮ್ಮ, ಸುಮ್ನೆನಾ?"

"ನನ್ನ ಹತ್ರ ಇರೋದು ಎರಡು ಕುರ್ಚಿ. ನಲವತ್ತು ಸಾವಿರ ಜನಾನ ಎಲ್ಲಿ ಕೂರಿಸಲಿ, ನಿನ್ನ ತಲೆ ಮೇಲಾ?"

ತಮಾಷೆಯಾಗೇ ಅಂದಳು, ಆದರೆ ಒಳಗೆ ಕುದಿಯುತ್ತಿತ್ತು. ಇಷ್ಟು ದಿನ ಗಿರಾಕಿಗಳನ್ನು ಕಳಿಸುತ್ತಿದ್ದ ಆಸ್ಪತ್ರೆ ಈಗ ಕೆಳಗಿನ ಮಹಡಿಯಲ್ಲಿ ತನ್ನದೇ ಶೂ ಮಳಿಗೆ ತೆರೆದಿತ್ತು. ಎರಡು ತಿಂಗಳಿಂದ ಅಂಗಡಿಗೆ ಒಂದೂ ಹೊಸ ಪಾದ ಬಂದಿರಲಿಲ್ಲ. ಸಾಲದ್ದಕ್ಕೆ ಅವಳನ್ನೇ ಕೆಲಸಕ್ಕೆ ಕರೆದಿದ್ದರು. ಬರುವ ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಅಲ್ಲಿ ಅಳತೆ ತೆಗೆಯುವ ಹಾಗಿಲ್ಲ, ಕಾರ್ಖಾನೆಯಿಂದ ಬಂದ ಶೂಗಳಿಗೆ ಮೆತ್ತೆ ಅಂಟಿಸುತ್ತಾ ಕೂರಬೇಕು. ಅದನ್ನು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು.

"ಹಾಗಾದ್ರೆ ನೀನೇ ಹೇಳು. ನಿನ್ನ ಗಿರಾಕಿಗಳು ಏನಂತ ಹುಡುಕ್ತಾರೆ?" ಹುಡುಗಿಯೂ ಬಿಡಲಿಲ್ಲ.

ಅಳತೆಯಕ್ಕ ಎದ್ದು ಗೋಡೆಯ ಕಪಾಟಿನಿಂದ ಆರೇಳು ಮರದ ಅಚ್ಚು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದೊಂದೂ ಒಬ್ಬೊಬ್ಬರ ಪಾದ. ಒಂದೊಂದರ ಮೇಲೂ ಒಂದು ಚೀಟಿ ಅಂಟಿಸಿತ್ತು. ಕುರ್ಚಿಯಲ್ಲಿ ಕೂತ ಮನುಷ್ಯ ಬಾಯಿಬಿಟ್ಟು ಆಡಿದ ಮೊದಲ ಮಾತನ್ನು ಹಾಗೇ ಬರೆದು ಅಂಟಿಸುವುದು ಅವಳ ಪದ್ಧತಿ. ಕಾಯಿಲೆಯ ಹೆಸರು ಬರೆದರೆ ಬರೀ ಕಾಲು ನೆನಪಾಗುತ್ತದೆ, ಮಾತು ಬರೆದರೆ ಮನುಷ್ಯರೇ ಬಂದು ಎದುರಿಗೆ ಕೂರುತ್ತಾರೆ ಎನ್ನುತ್ತಿದ್ದಳು. ಹುಡುಗಿ ಒಂದೊಂದಾಗಿ ಓದಿದಳು. 'ಒಂದೇ ಕಡೆ ಚಪ್ಪಲಿ ಸವೆಯುತ್ತೆ.' 'ಒಂದು ಕಾಲಿಗೆ ಏಳು, ಒಂದಕ್ಕೆ ಒಂಬತ್ತು, ಎರಡು ಜೊತೆ ಕೊಳ್ಳಬೇಕಾ?' 'ಫೋಟೊದಲ್ಲಿ ಓರೆ ಕಾಣ್ತೀನಿ.'

ಓದುತ್ತಾ ಓದುತ್ತಾ ಅವಳ ಬೆನ್ನು ನೆಟ್ಟಗಾಯಿತು. ಒಂದೊಂದು ಮಾತನ್ನೇ ಲ್ಯಾಪ್‌ಟಾಪ್‌ನಲ್ಲಿ ಒತ್ತಿ ನೋಡಿದಳು. ತಿಂಗಳಿಗೆ ಇಪ್ಪತ್ತು ಜನ. ಹತ್ತು ಜನ. ಮೂವತ್ತು.

"ಬಹಳ ಕಮ್ಮಿ."

"ಕಮ್ಮಿಯಾದರೇನು, ನನ್ನವರು."

"ಸರಿ, ಅಂಗಡಿಯ ವೆಬ್‌ಸೈಟಲ್ಲಿ ಒಂದೊಂದು ಮಾತಿಗೆ ಒಂದೊಂದು ಪುಟ ಮಾಡ್ತೀನಿ. ಕೆಳಗೆ ನೀನು ಅವರಿಗೆ ಏನು ಉತ್ತರ ಹೇಳಿದೆಯೋ ಅದನ್ನೇ ಹಾಕ್ತೀನಿ. ಇದರಲ್ಲಿ ದೊಡ್ಡ ಅಂಗಡಿಯೋರು ನಮಗೆ ಅಡ್ಡ ಬರಲ್ಲ." ಅಷ್ಟರಲ್ಲಿ ಕೊನೆಯ ಅಚ್ಚು ಕೈಗೆ ಬಂತು. 'ಎಲ್ಲರೂ ನನ್ನ ಕಾಲನ್ನೇ ನೋಡ್ತಾರೆ.' ಒತ್ತಿ ನೋಡಿ ಹುಡುಗಿ ತಲೆಯಾಡಿಸಿದಳು. "ಇದು ಬೇಡ. ಹುಡುಕೋರು ಸೊನ್ನೆ."

"ಹಾಕು."

"ದೊಡ್ಡಮ್ಮ, ಸೊನ್ನೆ ಅಂದ್ರೆ ಸೊನ್ನೆ!"

"ನಿನ್ನ ಯಂತ್ರಕ್ಕೆ ಅವರು ಇನ್ನೂ ಹೇಳಿಲ್ಲ, ಅಷ್ಟೇ. ನನಗೆ ಮೂವತ್ತು ವರ್ಷದಿಂದ ಹೇಳ್ತಿದಾರೆ. ಹಾಕು ಅಂದೆ."

ಹಾಕಿದಳು, ಹಳೆಯ ಕೀವರ್ಡುಗಳನ್ನೆಲ್ಲ ತೆಗೆದಳು. ಮಾರನೆಯ ತಿಂಗಳು ಆಫರ್ ಕೇಳುವ ಕರೆಗಳು ನಿಂತೇಹೋದವು. ಅಂಗಡಿ ಎಷ್ಟು ಗಪ್‌ಚಿಪ್ ಆಯಿತೆಂದರೆ ಹುಡುಗಿಗೆ ದಿಗಿಲೇ ಆಯಿತು. ಮೂರನೆಯ ವಾರ ಏಳು-ಒಂಬತ್ತರ ಕಾಲಿನವರೊಬ್ಬರು ಬಂದರು. ಆಮೇಲೆ ಒಂದೇ ಕಡೆ ಸವೆಸುವವರು ಇಬ್ಬರು, ಅಳತೆಗೆ ಅಣ್ಣನನ್ನೂ ಕರೆದುಕೊಂಡು ಇನ್ನೊಬ್ಬರು. ಐದು ಜೋಡಿ ಪಾದಕ್ಕೆ ಅಳತೆ ಆಯಿತು, ಅಳತೆಯಕ್ಕನ ನಾಲಗೆಗೆ ಹಳೆಯ ಹರಿತ ಬಂತು.

ತಿಂಗಳ ಕೊನೆಯ ದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನೀಲಿ ಚೌಕಟ್ಟಿನ ಕನ್ನಡಕ, ನೆಲ ಗುಡಿಸುವಷ್ಟು ಉದ್ದದ ಲಂಗ. ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಏನು ಬೇಕೆಂದು ಹುಡುಗಿ ಕೇಳಿದ್ದಕ್ಕೆ ಬಾಯಲ್ಲಿ ಹೇಳದೆ ತನ್ನ ಫೋನನ್ನು ಮುಂದೆ ಹಿಡಿದಳು. ಅವಳು ಸರ್ಚ್‌ನಲ್ಲಿ ಒತ್ತಿದ್ದ ಸಾಲನ್ನು ನೋಡಿದವಳೇ ಹುಡುಗಿ ದೊಡ್ಡಮ್ಮನಿಗೆ ತೋರಿಸಿದಳು. 'ಎಲ್ಲರೂ ನನ್ನ ಕಾಲನ್ನೇ ನೋಡ್ತಾರೆ ಏನ್ ಮಾಡ್ಲಿ.'

"ನನಗೆ ಪುರುಸೊತ್ತಿಲ್ಲ ಸ್ವಾಮಿ, ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದು ಅಳತೆಯಕ್ಕ ಆಸ್ಪತ್ರೆಯವರ ಫೋನ್ ಇಟ್ಟುಬಿಟ್ಟಳು.

ಯಾರು ಅಂಗಡಿಗೆ ಕಾಲಿಟ್ಟರೂ ಅವಳ ಕಣ್ಣು ಮೊದಲು ನೆಲಕ್ಕೇ ಹೋಗುವುದು. ಅದು ಅವಳ ಕಸುಬು. ಇವತ್ತು ಆ ಕಣ್ಣನ್ನು ಹಿಡಿದೆತ್ತಿ ಹೆಂಗಸಿನ ಮುಖದ ಮೇಲಿಟ್ಟಳು, ಅಲ್ಲೇ ನಿಲ್ಲಿಸಿದಳು.

"ಬನ್ನಿ, ಕೂತ್ಕೊಳ್ಳಿ" ಎಂದಳು. "ಕನ್ನಡಕ ತುಂಬ ಚೆನ್ನಾಗಿ ಒಪ್ಪುತ್ತೆ ನಿಮಗೆ. ಎಲ್ಲಿ ಮಾಡಿಸಿದ್ರಿ?"