ಬೆಣ್ಣೆ ಸವರಿದ ಬ್ರೆಡ್ಡು

ಪಂಜರದ ಬಾಗಿಲು ತೆಗೆದರೂ ಒಂದು ಇಲಿಯೂ ಮೂತಿ ಎತ್ತಲಿಲ್ಲ. ಲ್ಯಾಬಿನವರೆಲ್ಲ ‘ಇಲಿಯಮ್ಮ’ ಎಂದೇ ಕರೆಯುವ ಆಕೆ ಒಂದನ್ನು ಅಂಗೈಗೆ ಎತ್ತಿಕೊಂಡಳು. ನಿದ್ದೆ ಹೋದಂತೆ ಮುದುಡಿತ್ತು, ಮೈ ತಣ್ಣಗಿತ್ತು. ನಿನ್ನೆ ಸಂಜೆಯವರೆಗೂ ಚೆನ್ನಾಗಿಯೇ ಓಡಾಡಿಕೊಂಡಿದ್ದವು. ಪಕ್ಕದ ಪಂಜರದಲ್ಲಿ ಇವುಗಳದೇ ವಯಸ್ಸಿನ ಮುದಿ ಇಲಿಗಳು ಮರಿಗಳ ಹಾಗೆ ಚಕ್ರ ತಿರುಗಿಸುತ್ತಿದ್ದವು. ಎರಡಕ್ಕೂ ಹಾಕಿದ್ದು ಆಯಸ್ಸು ಹೆಚ್ಚಿಸುವ ಒಂದೇ ಔಷಧಿ. ಅವಕ್ಕೆ ಒಣ ಕಾಳಿನಲ್ಲಿ, ಇವಕ್ಕೆ ಜಿಡ್ಡಿನ ತಿಂಡಿಯಲ್ಲಿ. ವ್ಯತ್ಯಾಸ ಅಷ್ಟೇ.

ಆ ಚಕ್ರದ ಇಲಿಗಳನ್ನು ನೋಡಿಯೇ ಆಸೆಗೆ ಬಿದ್ದು, ಔಷಧಿ ಪುಡಿಯನ್ನು ಕದ್ದು ಮನೆಗೆ ಒಯ್ದಿದ್ದಳು. ಅಪ್ಪನಿಗೆ ಕಹಿ ಅಂದರೆ ಆಗದು. ಅದಕ್ಕೇ ದಿನಾ ಬೆಳಿಗ್ಗೆ ಗುಟ್ಟಾಗಿ ಬೆಣ್ಣೆಯಲ್ಲಿ ಕಲೆಸಿ, ಬ್ರೆಡ್ಡಿಗೆ ದಪ್ಪಗೆ ಸವರಿಟ್ಟು ಕೆಲಸಕ್ಕೆ ಬರುತ್ತಿದ್ದಳು.

ಇಲಿಯನ್ನು ಕೆಳಗಿಡುವುದೂ ಮರೆತು ಮನೆಗೆ ಫೋನ್ ಮಾಡಿದಳು.

“ಅಪ್ಪಾ, ಆ ಬ್ರೆಡ್ಡು ಮುಟ್ಟಬೇಡಿ!”

“ನಾನೆಲ್ಲಿ ಮುಟ್ತೀನಮ್ಮಾ?” ಅಪ್ಪ ನಕ್ಕರು. “ಈ ವಯಸ್ಸಲ್ಲಿ ಅಷ್ಟು ಬೆಣ್ಣೆ ನಂಗೆ ಅರಗುತ್ತಾ? ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿರಲಿಲ್ಲ. ದಿನಾ ತಿನ್ನೋದು ನಿಮ್ಮಮ್ಮ. ಬೆಣ್ಣೆ ಅಂದ್ರೆ ಪ್ರಾಣ ಅವಳಿಗೆ.”

“ಅಮ್ಮನಿಗೆ ಫೋನ್ ಕೊಡಿ.”

“ತಿಂದು ಹಾಗೇ ಮಲಗಿದಾಳೆ. ಎಷ್ಟು ಕೂಗಿದ್ರೂ ಏಳ್ಲಿಲ್ಲ. ಅಪರೂಪಕ್ಕೆ ಒಳ್ಳೇ ನಿದ್ದೆ ಬಂದಿದೆ, ಮಲಗ್ಲಿ ಬಿಡು.”