ಅವನ ಪಾಲಿನ ಅರ್ಧ

“ಹೆಂಗಿದ್ಯೋ ಕಾಯ್ತಾನ?” ಎಂದು ಕೇಳುತ್ತ ಬೊಮ್ಮಯ್ಯ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಕಾಯ್ತಾನನ ತುಟಿ ಅಲುಗಿತು, ಕೆನ್ನೆ ಒಂದು ಕಡೆಗೆ ಜಗ್ಗಿತು. ಮಾತು ಹೊರಡುವ ಮೊದಲೇ ಚಹಾ ಹಿಡಿದು ಬಂದ ಅವನ ಹೆಂಡತಿ ರೆಮೆತಿನ್ ಹೇಳಿದಳು, “ಈಗ ಅಡ್ಡಿಲ್ಲ ಬೊಮ್ಮಯ್ಯ. ಗೋಡೆ ಹಿಡ್ಕಂಡು ಬಚ್ಚಲ ತನಕ ಹೋಗ್ತಾರೆ.”

ಬೈತಖೋಲ ಬಂದರಿನಲ್ಲಿ ಬೊಮ್ಮಯ್ಯನ ಬೋಟಿನ ಮೀನನ್ನು ವರ್ಷಾನುಗಟ್ಟಲೆ ಲಿಲಾವು ಕೂಗಿದವನು ಕಾಯ್ತಾನ. ಈ ಸಲ ಮಳೆಗಾಲಕ್ಕೆ ಮೊದಲು ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕೈಕಾಲಿಗೆ ಮೆಲ್ಲಗೆ ಬಲ ಬರುತ್ತಿತ್ತು. ಮಾತು ಮಾತ್ರ ಗಂಟಲ ತನಕ ಬಂದು ಹಿಂದಕ್ಕೆ ಹೋಗುತ್ತಿತ್ತು.

“ನಮ್ಮೂರು ಅವರ್ಸಾದಲ್ಲಿ ಕೊಯ್ಲು ಮುಗೀತು. ನಿಂಗೆ ಹೊಸ ಅವಲಕ್ಕಿ ತಂದೆ. ತಿಂಬೂಕೆ ಆಗ್ತದ್ಯಾ?”

“ಆಗ್ತದೆ, ಆಗ್ತದೆ. ನೆನೆಸಿ ಕೊಟ್ರೆ ತಿಂತಾರೆ,” ಎಂದಳು ರೆಮೆತಿನ್.

“ಒಂದಿನ ಬಂದರಕ್ಕೆ ಬತ್ಯಾ? ರಿಕ್ಷಾದಲ್ಲಿ ನಾನೇ ಕರ್ಕಂಡು ಹೋಗ್ತೆ.”

“ಈಗೆಲ್ಲಿ ಬರ್ತಾರೆ. ಕ್ರಿಸ್‌ಮಸ್ ಮುಗೀಲಿ.”

ಕಾಯ್ತಾನ ಎಡಗೈಯಿಂದ ಕಪ್ಪನ್ನು ತಳ್ಳಿಬಿಟ್ಟ. ಚಹಾ ಬೊಮ್ಮಯ್ಯನ ಪಂಚೆಯ ಮೇಲೆಲ್ಲ ಚೆಲ್ಲಿತು. ಕಾಯ್ತಾನ ಗೋಡೆಯ ಕಡೆ ಹೊರಳಿ ಮಲಗಿದ.

ಅಂಗಳದ ತನಕ ಹಿಂದೆಯೇ ಬಂದ ರೆಮೆತಿನ್, “ಸಿಟ್ಟು ಮಾಡ್ಕಬೇಡ. ಈಚೆಗೆ ಅವ್ರು ಹಂಗೇ,” ಎಂದಳು. ಬೊಮ್ಮಯ್ಯ ಚಪ್ಪಲಿ ಮೆಟ್ಟಿದ. “ಪಂಚೆ ಒಗದ್ರೆ ಹೋಗ್ತದೆ ರೆಮೆತಿನ್ ಬಾಯಿ. ನಾ ಅವನ ಹತ್ರ ಮಾತಾಡೂಕೆ ಬಂದಿದ್ದೆ. ಇನ್ನೊಂದಿನ ಬತ್ತೆ.”

ಒಳಗೆ ಬಂದವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಮಾತಿನ ಅಭ್ಯಾಸ ಮಾಡಿಸಲು ಬರುವ ಹುಡುಗಿಯೂ ಇದನ್ನೇ ಹೇಳಿದ್ದಳು: ನೀವು ಮುಗಿಸಿ ಕೊಡಬೇಡಿ, ಕಾಯಿರಿ. ಹೇಳುವವರಿಗೇನು! ಒಂದು ಪದಕ್ಕಾಗಿ ಆ ಮುಖ ಹಿಂಡಿಕೊಳ್ಳುವುದನ್ನು, ಹಣೆಯಲ್ಲಿ ಬೆವರೊಡೆಯುವುದನ್ನು ನೋಡುತ್ತ ಕೂರಬೇಕಾದವಳು ಅವಳು. ನೋಡಲಾರದೆ ಪದವನ್ನು ತಾನೇ ಎತ್ತಿ ಕೊಟ್ಟುಬಿಡುತ್ತಿದ್ದಳು. ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೆಯ ಮೇಣದಬತ್ತಿ ಹಚ್ಚಿ, ಇದು ಕಾಯುವ ಕಾಲ ಎಂದಾಗ ಅವಳು ಮನಸ್ಸಿನಲ್ಲೇ ಜಗಳ ತೆಗೆದಿದ್ದಳು: ಕಾದದ್ದು ಸಾಲದೇ ಸ್ವಾಮಿ, ಇನ್ನೆಷ್ಟು?

ಸಂಜೆ ದೀಪ ಹಚ್ಚಿ ಜಪಸರ ಹಿಡಿದು ಮಂಚದ ಬಳಿ ಕೂತಳು. ಮದುವೆಯಾದಾಗಿನಿಂದ ತೇರ್ಸದ, ಎಂದರೆ ಜಪಸರದ, ಪ್ರತಿ ಮಣಿಯ ಪ್ರಾರ್ಥನೆಯಲ್ಲಿ ಮೊದಲ ಅರ್ಧ ಅವಳದು, ಎರಡನೆಯದು ಅವನದು. ಲಕ್ವ ಹೊಡೆದ ಮೇಲೆ ಎರಡೂ ಅವಳದೇ ಆಗಿ, ಪ್ರಾರ್ಥನೆ ಮೊದಲಿಗಿಂತ ಬೇಗ ಮುಗಿಯುತ್ತಿತ್ತು.

ಮೊದಲ ಮಣಿ ಹಿಡಿದು “ನಮಾನ್ ಮರಿಯೆ”, ಮರಿಯಳಿಗೆ ನಮನ, ಎಂದು ತನ್ನ ಅರ್ಧವನ್ನು ಮುಗಿಸಿದಳು. ಅಭ್ಯಾಸದಂತೆ ಮುಂದಿನದಕ್ಕೆ ಬಾಯಿ ತೆರೆದವಳಿಗೆ ಬೊಮ್ಮಯ್ಯನ ಒದ್ದೆ ಪಂಚೆ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

ಕಾಯ್ತಾನ ಗೋಡೆ ನೋಡುತ್ತಲೇ ಇದ್ದ. ಮನೆಯಲ್ಲಿ ಅಷ್ಟು ಮೌನ ಅವಳಿಗೆ ಹೊಸದು. ಮೊಣಕಾಲು ನೋಯತೊಡಗಿತು. ಆ ಮೌನದಲ್ಲಿ ಕೂತಿರುವಾಗಲೇ ಅವಳಿಗೆ ಅನ್ನಿಸಿತು: ದೇವರ ಹತ್ತಿರವೂ ತಾನು ಮಾಡುತ್ತ ಬಂದದ್ದು ಇದನ್ನೇ ಅಲ್ಲವೇ? ಕೇಳುವವಳೂ ತಾನೇ, ದೇವರ ಪರವಾಗಿ ಉತ್ತರ ಹೇಳಿಕೊಂಡು ಏಳುವವಳೂ ತಾನೇ. ಅವನಿಗೆ ಬಾಯಿ ತೆರೆಯಲು ಒಂದು ಗಳಿಗೆಯಾದರೂ ಕೊಟ್ಟಿದ್ದೆನೇ?

ಇವಳೇಕೆ ನಿಂತಳು ಎಂದು ನೋಡಲೇನೋ, ಕಾಯ್ತಾನ ಮುಖ ತಿರುಗಿಸಿದ. ಅವಳು ಅವನನ್ನೇ ನೋಡುತ್ತ ಕೂತಿದ್ದಳು. ಅವನ ತುಟಿ ಅಲುಗಿತು.

“ಭಾ...”

ಒಲೆಯ ಮೇಲೆ ಕುಕ್ಕರ್ ಕೂಗಿತು. ಅವಳು ಏಳಲಿಲ್ಲ.

“ಭಾ... ಭಾಗೆ... ಭಾಗೆವಂತಿ ಮರಿಯೆ.”

ಮುಂದಿನ ಪದಕ್ಕೆ ಅವನ ಕುತ್ತಿಗೆಯ ನರಗಳು ಉಬ್ಬಿದವು. ಅದು ಅವಳ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಕುಕ್ಕರ್ ಮತ್ತೆ ಕೂಗಿತು, ಅನ್ನ ಸೀದ ವಾಸನೆ ಒಳಕೋಣೆಗೂ ಬಂತು. ‘ದೆವಾಚೆ ಮಾಯೆ’, ದೇವರ ತಾಯಿಯೇ, ಎಂದು ಅವನು ಅನ್ನುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ‘ಆತಾಂ’, ಈಗ, ಎಂಬಲ್ಲಿ ಅವನು ಸಿಕ್ಕಿಕೊಂಡ. ಮೂರು ಸಲ ಹಿಂದಕ್ಕೆ ಹೋಗಿ ಬಂದ, ಕಣ್ಣಲ್ಲಿ ನೀರು ತುಂಬಿತು, ಬಿಡಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು. ಅವನ ಕಾಲಿನ ಮೇಲೆ ಕೈಯಿಟ್ಟು ಕೂತಿದ್ದಳು, ಅಷ್ಟೇ.

‘ಆಮೆನ್’ ಒಂದೇ ಸಲಕ್ಕೆ ಬಂತು. ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನೇ ಬೆರಗಾಗಿ, ಸೊಟ್ಟ ಬಾಯಲ್ಲೇ ನಕ್ಕ. ನಗುತ್ತ ನಗುತ್ತ ದಣಿದು ಕಣ್ಣು ಮುಚ್ಚಿದ.

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದ ರೆಮೆತಿನ್ ಮುಡಿಯಿಂದ ಒಂದು ಪಿನ್ನು ಕಿತ್ತು, ಜಪಸರದ ಎರಡನೆಯ ಮಣಿಯ ಬಳಿ ಗುರುತಿಗೆ ಸಿಕ್ಕಿಸಿ, ನಾಳೆಗೆಂದು ಅವನ ದಿಂಬಿನ ಪಕ್ಕದಲ್ಲಿಟ್ಟಳು.