ಪಾಲಿಗೆ ಬಂದ ಬಂಗಡೆ

ಕಡಲು ಬರಿದಾದ ಮೇಲೆ ಉಳಿದ ಮೀನುಗಳನ್ನು ಕರಾವಳಿಯಲ್ಲಿ ಮನೆಗೊಂದರಂತೆ ಸಾಕಲು ಹಂಚಿದ್ದರು. ಗಂಗೊಳ್ಳಿಯ ಮುಕ್ತಕ್ಕನ ಪಾಲಿಗೆ ಬಂದದ್ದು ಬಂಗಡೆ. ಬುಟ್ಟಿಗಟ್ಟಲೆ ಹೊತ್ತು ಮಾರಿದ್ದವಳು ಈಗ ಒಂದೇ ಒಂದರ ಬಾಣಂತನಕ್ಕೆ ನಿಂತಳು. ಗಾಜಿನ ತೊಟ್ಟಿಯ ನೀರನ್ನು ನಾಲಗೆಗೆ ಹಚ್ಚಿ ಉಪ್ಪು ಹದ ಮಾಡುವಳು; ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ನೀರನ್ನು ಕೈಯಿಂದಲೇ ಕಡೆಯುವಳು. ಆದರೂ ಓಡುವ ಮೀನು ಅದು, ದಿನವಿಡೀ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತಿತ್ತು.

ಇವತ್ತು ಆ ಸದ್ದು ನಿಂತಿತು.

“ಅತ್ತೇ, ಮೀನ್ ಮಗ್ಚಿ ಬಿದ್ದಿತ್!” ಸೊಸೆ ಜಲಜ ಕೂಗಿದಳು.

ಮುಕ್ತಕ್ಕ ಓಡಿಬಂದು ಬೊಗಸೆಯಲ್ಲಿ ಎತ್ತಿಕೊಂಡಳು. ಜೀವ ಹೋಗಿತ್ತು. ಹೆಬ್ಬೆರಳು ತಾನಾಗಿಯೇ ಕಿವಿರು ಬಿಡಿಸಿ ನೋಡಿತು, ಒಳಗಿನ್ನೂ ತಾಜಾ ಮೀನಿನಂತೆ ಕೆಂಪಗಿತ್ತು. ಅದನ್ನು ಸೊಸೆಯ ಮುಖದೆದುರು ಹಿಡಿದು, ಸಂತೆಯ ಹಳೆಯ ದನಿಯಲ್ಲಿ ಹೇಳಿಯೇಬಿಟ್ಟಳು: “ಕಾಣಿ ಅಮ್ಮಾ, ಈಗಷ್ಟೇ ದೋಣಿಂದ ಇಳ್ದದ್.”